ಟವೆಲ್ ಹಾಕಿದ ಜಾಗ

ನಮ್ಮ ಅತ್ತಿಗೆ ಸ್ವರ್ಗಕ್ಕೆ ಬಾಗಿಲಿನಿಂದ ಹೋಗುವವರಲ್ಲ. ಸ್ವರ್ಗದ ಬಾಗಿಲು ಕಾಯುವ ಸಂತ ಪೇತ್ರರು ಬೀಗದಕೈ ಗೊಂಚಲು ತಡಕಾಡುತ್ತಿರುವಾಗಲೇ ಇವರು ಕಿಟಕಿಯಿಂದ ಟವೆಲ್ ಎಸೆದು, ಒಳಗೆ ಕೂತಿರುವ ಯಾರೋ ಪಾಪದ ಸಂತರಿಗೆ, "ಆ ಸೀಟು ನಮ್ದು ಕಣಪ್ಪ, ಯಾರ್ನೂ ಕೂರುಸ್ಬ್ಯಾಡ!" ಎಂದು ಕೂಗಿರುತ್ತಾರೆ. ನಾನು ಉತ್ಪ್ರೇಕ್ಷೆ ಮಾಡುತ್ತಿದ್ದೇನೆ ಅಂದುಕೊಂಡಿರಾ? ಹಾಗಾದರೆ ನೀವು ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಅವರನ್ನು ನೋಡಿಲ್ಲ!

ಅತ್ತಿಗೆ ಎಂದರೆ ನನ್ನ ಯಜಮಾನರ ಅಕ್ಕ. ಎಂಬತ್ತು ದಾಟಿದೆ. ಎಷ್ಟು ದಾಟಿದೆ ಎಂದು ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಮದುವೆಯಾಗಲಿಲ್ಲ. ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ, "ಅವ್ನಿಗೂ ಸೀಟ್ ಇಡ್ದಿದ್ದೆ ಕಣಮ್ಮಿ, ಅವ್ನು ಬ್ಯಾರೆ ಬಸ್ ಅತ್ಬುಟ್ಟ" ಅಂದರು. ತಾಯಿ ಬೇಗ ಹೋದದ್ದರಿಂದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು ಅವರೇ. ಆ ತಮ್ಮನಿಗೆ ಹೆಂಡತಿಯಾಗಿ ಬಂದವಳು ನಾನು, ಮೈಸೂರಿನ ಕಾನ್ವೆಂಟ್ ಬೋರ್ಡಿಂಗಿನಿಂದ. ನನ್ನನ್ನು ಸಾಕಿದವರು ಸಿಸ್ಟರ್‌ಗಳು. ತವರು ಅಂದರೆ ನನಗೆ ಕಾನ್ವೆಂಟೇ. ಅವರು ನನಗೆ ಕಲಿಸಿದ್ದು ಎರಡು: ಕ್ಯೂನಲ್ಲಿ ನಿಲ್ಲುವುದು ಮತ್ತು "ಎಕ್ಸ್‌ಕ್ಯೂಸ್ ಮಿ" ಎನ್ನುವುದು. ಎರಡರಿಂದಲೂ ಈ ಸೀಮೆಯಲ್ಲಿ ನಯಾಪೈಸೆ ಪ್ರಯೋಜನವಿಲ್ಲ! ಮದುವೆಯಾದ ಹೊಸದರಲ್ಲಿ ಮದ್ದೂರಿಗೆ ಹೊರಟಿದ್ದೆವು. ನಾನು ಬಸ್ಸಿನ ಬಾಗಿಲಲ್ಲಿ ಒಬ್ಬೊಬ್ಬರಿಗೂ ಎಕ್ಸ್‌ಕ್ಯೂಸ್ ಮಿ ಹೇಳುತ್ತಾ ದಾರಿ ಬಿಡುತ್ತಾ ನಿಂತೆ. ಎಲ್ಲರೂ ಹತ್ತಿದರು. ಬಸ್ಸು ಹೊರಟಿತು. ಕಿಟಕಿಯಿಂದ ಅತ್ತಿಗೆಯ ತಲೆ ಹೊರಬಂತು. "ನಿನ್ನ ಎಸ್ಕೂಸ್ಮಿ ಕೇಳ್ಕಂಡು ಬಸ್ಸೇ ಓಯ್ತಾ ಅದೆ ಕಣಮ್ಮಿ! ಓಡು!"

ಈಗಂತೂ ಹೆಂಗಸರಿಗೆ ಬಸ್ ಫ್ರೀ. ಕೇಳಬೇಕೆ? ಅತ್ತಿಗೆಯ ಕಾಲಿಗೆ ಚಕ್ರ ಬಂದಿದೆ. ಬೆಳಿಗ್ಗೆ ಹಲಗೂರು, ಮಧ್ಯಾಹ್ನ ಮಂಡ್ಯ. ಅಲ್ಲಿ ಕೆಲಸವೇನು? ಏನೂ ಇಲ್ಲ. "ಬಸ್ಸು ಪುಗ್ಸಟ್ಟೆ ಓಡಾಡ್ತಿರುವಾಗ ಮನೇಲಿ ಕೂರಾದು ಪಾಪ ಅಲ್ವಾ? ಬೇಕಾರೆ ಫಾದ್ರುನ್ನ ಕೇಳು!" ಜೊತೆಗೆ ನನ್ನನ್ನೂ ಎಳೆದುಕೊಂಡು ಹೋಗುತ್ತಾರೆ. ಹೋದಲ್ಲೆಲ್ಲ ಕೆಂಪು ಗೆರೆಯ ಆ ಟವೆಲ್. ಬಸ್ಸಿನಲ್ಲಿ, ಡಾಕ್ಟರ ಕ್ಲಿನಿಕ್ಕಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ. ಚರ್ಚಿನಲ್ಲಿ ಹೆಂಗಸರ ಕಡೆಯ ಎರಡನೆಯ ಬೆಂಚು, ಫ್ಯಾನಿನ ಕೆಳಗೆ. ಒಂದು ಕ್ರಿಸ್‌ಮಸ್ಸಿಗೆ ಮೈಸೂರಿನಿಂದ ಬಂದ ಮದರ್ ಸುಪೀರಿಯರ್ ಗೊತ್ತಿಲ್ಲದೆ ಅದರ ಮೇಲೆ ಕೂತರು. ಅತ್ತಿಗೆ ಕೆಳಗಿನಿಂದ ಟವೆಲನ್ನು ನಿಧಾನಕ್ಕೆ ಎಳೆಯತೊಡಗಿದರು. ಮದರ್ ಕೂತ ಹಾಗೆಯೇ ಜರುಗುತ್ತಾ ಜರುಗುತ್ತಾ ಮೂರನೆಯ ಸ್ತೋತ್ರದ ಹೊತ್ತಿಗೆ ಕಂಬದ ಹಿಂದಕ್ಕೆ ತಲುಪಿದ್ದರು!

ಹೋದ ವರ್ಷ ನಮ್ಮ ಚರ್ಚಿಗೆ ಹೊಸ ಫಾದರ್ ಬಂದರು. ನನ್ನ ಮೊಮ್ಮಗನ ವಯಸ್ಸು, ತುಂಬ ಸ್ಮಾರ್ಟ್. ಧರ್ಮಕೇಂದ್ರದ ಜುಬಿಲಿ ಬರುತ್ತಿದೆ, ಸ್ಮರಣ ಸಂಚಿಕೆಗೆ ಹಿಸ್ಟರಿ ಬೇಕು, ಹಳಬರನ್ನು ಕೇಳಬೇಕು ಎಂದು ಮೊಬೈಲ್ ಹಿಡಿದು ನಮ್ಮ ಮನೆಗೇ ಬಂದರು. ಹಳಬರೆಂದರೆ ಅತ್ತಿಗೆಗಿಂತ ಹಳಬರು ಯಾರಿದ್ದಾರೆ?

"ಮೊದಲ ಪೂಜೆ ಎಲ್ಲಿ ನಡೀತು ಅಜ್ಜಿ?"

"ಆಲೆಮನೇಲಿ. ಗೌಡ್ರು ಬುಟ್ಕೊಟ್ಟಿದ್ರು. ಬೆಲ್ಲದ ಅಚ್ಚಿನ ಮಣೆ ಮ್ಯಾಲೆ ಸಿಲುಬೆ ಮಡಗಿದ್ರಂತೆ. ನಮ್ಮಜ್ಜಿ ಒಲೆ ಪಕ್ಕ ಕೂತಿತ್ತು. ನಮ್ ಸೋದ್ರತ್ತೆ ಬಾಗ್ಲಲ್ಲಿ. ಇರುವೆ ಎಲ್ಲಾ ಕಡೆ ಕೂತಿದ್ವು."

"ಆ ಪೂಜೆ ಮಾಡಿದ ವಿದೇಶಿ ಸ್ವಾಮಿಗಳ ಬಗ್ಗೆ ಹೇಳಿ."

"ಭಾರಿ ಒಳ್ಳೇರು. ಆದ್ರೆ ಮುದ್ದೆ ನುಂಗ್ರಪ್ಪ ಅಂದ್ರೆ ಅಗೀತಿದ್ರಂತೆ! ಅಗುದ್ರು, ಅಗುದ್ರು, ಮಂಜಾನದಿಂದ ಮೂರ್ಸಂಜೆಗಂಟ. ಪಾಪ, ಇಷ್ಟ್ ಕಷ್ಟ ಪಟ್ಟವ್ರಲ್ಲ ಅಂತ್ಲೇ ನಮ್ಮಜ್ಜ ಕ್ರಿಸ್ತುಮತಕ್ಕೆ ಸೇರ್ಕಂಡಿದ್ದು."

ಫಾದರ್ ಪೆಚ್ಚಾದರು. ಸಂಚಿಕೆಯಲ್ಲಿ ಇದನ್ನು ಹೇಗೆ ಬರೆಯುವುದು! ಇಸವಿ ಕೇಳಿದರೆ ಅತ್ತಿಗೆಗೆ ಗೊತ್ತಿಲ್ಲ. ಯಾರು ಎಲ್ಲಿ ಕೂತಿದ್ದರು ಅನ್ನುವುದು ಮಾತ್ರ ಪಕ್ಕಾ. ಅವರ ಹಿಸ್ಟರಿಯಲ್ಲಿ ಗುಡಿ ಕಟ್ಟಿದ್ದು, ಗಂಟೆ ಬಂದದ್ದು ಎಲ್ಲವೂ ಕೂತವರ ಕಥೆಯೇ. ಚಾಪೆಯ ಕಾಲ ಮುಗಿದು ಬೆಂಚು ಬಂದಾಗ ಊರೇ ಎರಡು ಪಾಲಾಯಿತಂತೆ. ಕಾಲು ಇಳಿಬಿಟ್ಟು ಕೂತರೆ ದೇವರಿಗೆ ಪಾದ ತೋರಿಸಿದ ಹಾಗಲ್ಲವೇ? "ಆಮೇಲೆ?" ಎಂದು ಫಾದರ್ ಮುಂದಕ್ಕೆ ಬಾಗಿದರು. "ನಾಳೆ ಏಳ್ತೀನಿ, ಮಂಡ್ಯದ ಬಸ್ ಬಂತು" ಎಂದು ಅತ್ತಿಗೆ ಎದ್ದೇ ಹೋದರು.

ಆ ನಾಳೆ ಬರಲಿಲ್ಲ. ಅಡ್ಡ ಬಂದದ್ದು ಸಮಾಧಿ ಭೂಮಿ.

ನವೆಂಬರಿನಲ್ಲಿ ಬರುವ ಮೃತರ ಸ್ಮರಣೆಯ ದಿನ ಎಲ್ಲರೂ ಸಮಾಧಿಗಳನ್ನು ತೊಳೆದು, ಸೇವಂತಿಗೆ ಇಟ್ಟು, ಮೇಣದಬತ್ತಿ ಹಚ್ಚುತ್ತೇವೆ. ನಮ್ಮ ಯಜಮಾನರದು ಸಾಲಿನಲ್ಲಿ ಕಡೆಯದು. ಒಂದು ಪಕ್ಕ ಅವರಿಗಿಂತ ಸ್ವಲ್ಪ ಮುಂಚೆ ಹೋದವರು. ಇನ್ನೊಂದು ಪಕ್ಕ, ಬೇವಿನ ಮರದ ಬುಡಕ್ಕೆ, ಒಬ್ಬರಿಗಾಗುವಷ್ಟು ಖಾಲಿ ಜಾಗ. ಅವರನ್ನು ಮಣ್ಣು ಮಾಡಿದ ದಿನದಿಂದ ನನ್ನ ಕಣ್ಣು ಅದರ ಮೇಲಿದೆ. ನನಗೆ ಇನ್ನೆಲ್ಲಿ ಜಾಗ? ಆದರೆ ಬಾಯಿಬಿಟ್ಟು ಕೇಳುವುದು ಹೇಗೆ? ಅದು ಮ್ಯಾನರ್ಸ್ ಅಲ್ಲ. ಪೇಷೆನ್ಸ್, ನನ್ನ ಸರದಿ ಬಂದಾಗ ನೋಡೋಣ ಎಂದುಕೊಂಡಿದ್ದೆ. ಅವತ್ತು ಮೇಣದಬತ್ತಿ ಹಚ್ಚಿ ತಲೆ ಎತ್ತುತ್ತೇನೆ, ಆ ಜಾಗದ ಮೇಲೆ ಕೆಂಪು ಗೆರೆಯ ಟವೆಲ್! ನಾಲ್ಕು ಮೂಲೆಗೂ ಕಲ್ಲು!

"ಅತ್ತಿಗೆ, ಇದೇನಿದು?"

"ಕಾಣಾಕಿಲ್ವಾ? ಜಾಗ ಇಡ್ದಿವ್ನಿ."

ಸಾಕಿದ ಅಕ್ಕ, ಹಕ್ಕು ಅವರದೇ. ನಾನೇನು ಹೇಳಲಿ? ಎಕ್ಸ್‌ಕ್ಯೂಸ್ ಮಿ ಅನ್ನಲೇ?

ಮುಂದಿನ ಭಾನುವಾರ ಫಾದರ್ ಪೂಜೆಯ ನಡುವೆ ಪ್ರಸಂಗದಲ್ಲಿ ನಗುತ್ತಲೇ ಹೇಳಿದರು: ಸಮಾಧಿಯಲ್ಲಿ ರಿಸರ್ವೇಷನ್ ಇಲ್ಲ, ಸಾಲಿನಲ್ಲಿ ಯಾರು ಮೊದಲು ಬರುತ್ತಾರೋ ಅವರಿಗೆ ಮುಂದಿನ ಜಾಗ. ಟವೆಲ್ ಮನೆಗೆ ವಾಪಸ್ ಬಂತು. ಹಿಸ್ಟರಿ ನಿಂತೇಹೋಯಿತು. ಫಾದರ್ ಬಂದರೆ ಅತ್ತಿಗೆ ಜಪಸರ ಹಿಡಿದು ಕಣ್ಣು ಮುಚ್ಚುತ್ತಿದ್ದರು.

ಅಷ್ಟರಲ್ಲಿ ನಮ್ಮ ಚರ್ಚಿನ ಹಾರ್ಮೋನಿಯಂ ಮೇಷ್ಟ್ರು ಕಾಯಿಲೆ ಬಿದ್ದರು. ಫಾದರ್ ಹೋಗಿ ಸಾಯುವವರಿಗೆ ಕೊಡುವ ಎಣ್ಣೆಯ ಅಭ್ಯಂಗವನ್ನೂ ಕೊಟ್ಟು ಬಂದರು. ಸಾಲಿನಲ್ಲಿ ಮುಂದಿನವರು ಯಾರೆಂದು ಊರಿಗೆಲ್ಲ ಗೊತ್ತಾಯಿತು. ಅತ್ತಿಗೆಗೂ! ಹಲಗೂರು, ಮಂಡ್ಯ ಎಲ್ಲ ಬಂದ್. ದಿನಾ ಮೇಷ್ಟ್ರ ಮನೆಗೆ ಅಂಬಲಿ, ನಾಟಿಕೋಳಿ ಸಾರು, ಒಂಬತ್ತು ದಿನದ ನವೇನ ಪ್ರಾರ್ಥನೆ. ಒಂದು ದಿನ ನಾನೂ ಹೋಗಿದ್ದೆ. ಬಾಯಿಗೆ ಚಮಚ ತುರುಕುತ್ತಾ ಗದರಿಸುತ್ತಿದ್ದರು: "ಕುಡೀರಿ ಮೇಷ್ಟ್ರೇ! ಈಗ ಓಗಂಗಿಲ್ಲ. ಅಲ್ಲಿ ಜಾಗ ಇಲ್ಲ!" ಮೇಷ್ಟ್ರು ಅದನ್ನು ದೇವವಾಣಿ ಎಂದು ತಿಳಿದು ಕೈಮುಗಿದರು. ಫಾದರ್ ಪ್ರಸಂಗದಲ್ಲಿ ಅತ್ತಿಗೆಯ "ನಿಸ್ವಾರ್ಥ ಸೇವೆ"ಯನ್ನು ಕೊಂಡಾಡಿದರು. ನಾನು ತಲೆ ಬಗ್ಗಿಸಿ ನನ್ನ ಬೆರಳು ನೋಡಿಕೊಂಡೆ. ಮೇಷ್ಟ್ರು ಎಷ್ಟು ಚೆನ್ನಾಗಿ ಗುಣವಾದರೆಂದರೆ, ಮರುವಾರ ನೇರ ಎರಡನೆಯ ಬೆಂಚಿಗೆ ಬಂದು ಟವೆಲಿನ ಮೇಲೆಯೇ ಕೂತರು. "ನೀವು ಉಳಿಸಿದ ಜೀವ ತಾಯಿ, ಇನ್ನು ನಿಮ್ಮ ಪಕ್ಕದಲ್ಲೇ!"

ಕಡೆಗೆ ಸೋತವರು ಫಾದರ್. ಜುಬಿಲಿ ಹತ್ತಿರ ಬಂತು, ಹಿಸ್ಟರಿ ಚಾಪೆ-ಬೆಂಚಿನ ಜಗಳದಲ್ಲೇ ಕೂತಿತ್ತು. ಒಂದು ಸಂಜೆ ಮತ್ತೆ ಬಂದರು. ನಾನು ಕಾಫಿ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದಾಗ ಚೌಕಾಸಿ ನಡೆದಿತ್ತು.

"ಬೆಂಚು ಬಂದ ಮೇಲೆ ಏನಾಯ್ತು ಅಜ್ಜಿ, ಪ್ಲೀಸ್."

"ಬೇವಿನ ಮರದ ಬುಡ ಕೊಡಿ, ಏಳ್ತೀನಿ."

"ರೂಲ್ಸ್ ಇದೆಯಲ್ಲಜ್ಜಿ..."

"ಆ ಸಮಾಧಿ ಕಾಂಪೌಂಡಿಗೆ ಗಾರೆ ಕಲಸಿದ್ದು ನಮ್ಮಪ್ಪ. ಅವತ್ತು ನಿಮ್ ರೂಲ್ಸು ಎಲ್ಲಿ ಕೂತಿತ್ತು?"

ಫಾದರ್ ನಕ್ಕುಬಿಟ್ಟರು. "ಆಯ್ತು, ಇದೊಂದೇ ಸಲ. ಕಮಿಟಿಗೆ ನಾನೇ ಹೇಳ್ತೀನಿ. ಆ ಜಾಗ ನಿಮಗೆ."

"ನಂಗ್ಯಾಕೆ?" ಅತ್ತಿಗೆ ನನ್ನ ಕಡೆ ಗಲ್ಲ ಎತ್ತಿ ತೋರಿಸಿದರು. "ಇವಳ್ಗೆ. ಇವಳ್ಗೆ ನುಗ್ಗಕ್ ಬರಾಕಿಲ್ಲ ಫಾದ್ರೇ. ಎಸ್ಕೂಸ್ಮಿ ಎಸ್ಕೂಸ್ಮಿ ಅನ್ಕಂಡು ಗೇಟಿನ ತಾವೇ ನಿಂತಿರ್ತಾಳೆ. ನನ್ ತಮ್ಮನ ಪಕ್ಕ ಬುಟ್ಟು ಇವ್ಳು ಎಲ್ಲಿಗೋದಾಳು?"

ನಾನು ಕಾಫಿ ಲೋಟವನ್ನು ಹೊಸ್ತಿಲ ಮೇಲೇ ಇಟ್ಟುಬಿಟ್ಟೆ.

"ಅತ್ತಿಗೆ... ಮತ್ತೆ ನೀವು?"

"ನಾನಾ? ನಾನು ಎಲ್ಲಾದ್ರೂ ನುಗ್ತೀನಿ ಬುಡು," ಎಂದು ಅವರು ತಮ್ಮ ಪಕ್ಕದ ಟವೆಲ್ ಎತ್ತಿ ಹೆಗಲಿಗೆ ಹಾಕಿಕೊಂಡರು. "ಬಾ, ಕೂತ್ಕೊ. ಆವಾಗಿಂದ ನಿಂತೇ ಇದ್ದೀಯ."