ತೆಕ್ಕೆಗೆ ಸಿಗದ ಬೇವಿನ ಮರ

ಒಬ್ಬಂಟಿ ಗಂಡಸು ಉದ್ಯಾನಕ್ಕೆ ಹೋಗುವುದು ನಮ್ಮ ಕಡೆ ಅಷ್ಟು ಸುಲಭದ ಕೆಲಸವಲ್ಲ. ಜೋಡಿಯಾಗಿ ಹೋದರೆ ಯಾರೂ ಕೇಳುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಹೋದರೆ ಬಲೂನು ಮಾರುವವನೇ ಬಾಗಿಲಲ್ಲಿ ಸ್ವಾಗತಿಸುತ್ತಾನೆ. ಒಬ್ಬನೇ ಹೋಗಿ ಮರ ನೋಡುತ್ತ ನಿಂತರೆ ಮಾತ್ರ ಈ ಮನುಷ್ಯನದು ಏನೋ ಮಸಲತ್ತು ಇರಬೇಕೆಂದು ಎಲ್ಲರಿಗೂ ಅನಿಸುತ್ತದೆ. ನನ್ನ ಮಸಲತ್ತು ಇಷ್ಟೇ: ಹೆಂಡತಿ ತೀರಿಕೊಂಡು ಎರಡು ವರ್ಷವಾಯಿತು, ಭಾನುವಾರ ಹೊತ್ತು ಹೋಗುವುದಿಲ್ಲ. ಹುಕ್ಕೇರಿಯ ಕಚೇರಿಯಲ್ಲಿ ವಾರವಿಡೀ ನನ್ನ ಕಿಟಕಿಯ ಮುಂದೆ ಜನ ಜಗಳವಾಡಲಿಕ್ಕಾದರೂ ಬರುತ್ತಾರೆ. ಭಾನುವಾರ ಮನೆಯಲ್ಲಿ ಬಾಯಿ ಬಿಡುವುದು ಕುಕ್ಕರ್ ಒಂದೇ, ಅದೂ ಮೂರು ಸಲ. ಗೋಕಾಕದ ಜಲಪಾತಕ್ಕೂ ಹೋಗಿ ನೋಡಿದೆ. ಅಲ್ಲಿ ಬಂದವರೆಲ್ಲ ತಮ್ಮ ಮೊಬೈಲನ್ನು ನನ್ನ ಕೈಗಿತ್ತು ಫೋಟೋ ತೆಗೆಸಿಕೊಂಡು ಹೋದರು. ಹಾಗಾಗಿ ಕಳೆದ ಭಾನುವಾರ ಹಿಡಕಲ್ ಬಸ್ಸು ಹತ್ತಿದೆ. ಅಲ್ಲಿಯ ಡ್ಯಾಮಿನ ಪಕ್ಕದ ಉದ್ಯಾನದಲ್ಲಿ ಹಳೆಯ ಮರಗಳಿವೆ ಎಂದು ಕೇಳಿದ್ದೆ. ಮೂಡಲಗಿಯಲ್ಲಿರುವ ತಂಗಿ ಫೋನಿನಲ್ಲಿ, "ಗಿಡಾ ನೋಡಾಕ ಬಸ್ಸಿಗೆ ಯಾಕ ಹೋಗ್ತಿ ಅಣ್ಣಾ, ನಿಮ್ಮ ಓಣ್ಯಾಗ ಇಲ್ಲೇನು?" ಎಂದಳು. ಅವಳ ಮಾತೂ ಸರಿಯೇ.

ಉದ್ಯಾನದ ಮೂಲೆಯಲ್ಲಿ ದೊಡ್ಡದೊಂದು ಬೇವಿನ ಮರವಿತ್ತು. ಮೇಲಿಂದ ಕೆಳಗಿನವರೆಗೆ ನೋಡಿದೆ. ಹತ್ತಿರ ಯಾರೂ ಇರಲಿಲ್ಲ. ಏನನ್ನಿಸಿತೋ, ಎರಡೂ ಕೈ ಚಾಚಿ ತಬ್ಬಿಕೊಂಡುಬಿಟ್ಟೆ. ಐವತ್ತಾರು ವರ್ಷದ, ಹೊಟ್ಟೆ ಬಂದ ಮನುಷ್ಯ ಮಾಡುವ ಕೆಲಸವಲ್ಲ, ಒಪ್ಪಿಕೊಳ್ಳುತ್ತೇನೆ. ಕೈ ಅರ್ಧ ಸುತ್ತಿಗೂ ಮುಟ್ಟಲಿಲ್ಲವೆಂದು ಆಚೆ ಸರಿದು ಇನ್ನೊಮ್ಮೆ ತಬ್ಬಿದೆ.

ಕೆಟ್ಟದ್ದು ಅಲ್ಲೇ. ನಮ್ಮ ಕಡೆಯ ಕಟ್ಟಿಗೆ ವ್ಯಾಪಾರಿಗಳು ಹರಾಜಿಗೆ ಮೊದಲು ಮರದ ದಪ್ಪ ನೋಡುವುದು ಹೀಗೆಯೇ, ತೆಕ್ಕೆ ಹಾಕಿ. ದೂರದಲ್ಲಿ ಹುಲ್ಲಿಗೆ ನೀರು ಬಿಡುತ್ತಿದ್ದ ದಸ್ತಗೀರ ಎಂಬ ಮಾಲಿ ಪೈಪನ್ನು ಅಲ್ಲೇ ಒಗೆದು ಓಡಿಬಂದ.

"ಬರ್ರಿ ಸಾಹೇಬ್ರ, ಕುಂದರ್ರಿ, ಚಾ ಕುಡೀರಿ," ಎಂದು ಥರ್ಮಾಸಿನ ಮುಚ್ಚಳದಲ್ಲಿ ಬಗ್ಗಿಸಿ ಕೊಟ್ಟ. ಬಿಸ್ಕೀಟೂ ಬಂತು. ಯಾವ ಊರು, ಮಕ್ಕಳೆಷ್ಟು, ಊಟ ಆಯಿತೇ ಎಂದೆಲ್ಲ ಕೇಳಿದ. ನನ್ನನ್ನು ಇಷ್ಟೊಂದು ವಿಚಾರಿಸಿದವರು ಎರಡು ವರ್ಷದಲ್ಲಿ ಯಾರೂ ಇರಲಿಲ್ಲ. ಉಬ್ಬಿಹೋಗಿ ಎಲ್ಲದಕ್ಕೂ ವಿವರವಾಗಿ ಉತ್ತರ ಕೊಟ್ಟೆ. ಆಮೇಲೆ ಅವನು ಮರದ ಕಡೆ ತಿರುಗಿದ.

"ಡ್ಯಾಮ್ ಕಟ್ಟುವಾಗ ನಮ್ಮಪ್ಪ ಇಲ್ಲೆ ಕಲ್ಲ ಹೊರಾಕ ಬರ್ತಿದ್ದ್ರಿ. ಇದರ ನೆಳ್ಳಾಗ ಕುಂತು ರೊಟ್ಟಿ ತಿಂತಿದ್ದ. ಒಳಗ ಟೊಳ್ಳ ಐತ್ರಿ ಇದು, ಕಡದ್ರೂ ನಿಮಗ ಹಲಗಿ ಸಿಗೂದಿಲ್ಲ."

ಹೇಳುತ್ತಲೇ ಇನ್ನೊಂದು ಬಿಸ್ಕೀಟು ಮುಂದೆ ಹಿಡಿದ. ಆಗ ನನಗೆ ವಿಷಯ ತಿಳಿಯಿತು. ತಿಳಿದ ಮೇಲೂ ಸುಮ್ಮನಿದ್ದು ಎರಡನೆಯ ಮುಚ್ಚಳ ಚಹಾ ಕುಡಿದೆ ಎನ್ನಲು ನಾಚಿಕೆಯಾಗುತ್ತದೆ. ಮಾತು ಅಷ್ಟು ಬೇಕಾಗಿತ್ತು ನನಗೆ. ಆದರೆ ಅವನು ಎದ್ದು ಹೋಗಿ, ಕಾಂಡದ ಮೇಲೆ ಕೈಯಿಟ್ಟು ನಿಂತಾಗ ತಡೆಯಲಾಗಲಿಲ್ಲ.

"ನಾ ಕಟ್ಟಿಗಿ ವ್ಯಾಪಾರಿ ಅಲ್ರಿ. ಮನ್ಯಾಗ ಒಬ್ಬನ ಇರ್ತೇನಿ. ಸುಮ್ನ ಅಪ್ಪಿಕೊಂಡೆ, ಅಷ್ಟ."

"ಕಡಸಾಕ ಬಂದವ್ರಲ್ಲ?"

"ಅಲ್ಲ."

"ಖರೆ?"

"ಖರೆ."

ದಸ್ತಗೀರನ ಮುಖ ಅರಳಿತು. "ಮೊದಲ ಹೇಳಬಾರದೇನ್ರಿ, ಅಲ್ಲೆ ನೀರು ಹರದ ಹೊಂಟೈತಿ," ಎಂದವನೇ ಥರ್ಮಾಸು ಎತ್ತಿಕೊಂಡು ಪೈಪಿನ ಕಡೆ ನಡೆದ. ಮತ್ತೆ ತಿರುಗಿ ನೋಡಲಿಲ್ಲ.

ಅವನ ಭಯ ಹೋಯಿತೆಂದು ನನಗೂ ಸಮಾಧಾನವೇ. ಆದರೂ ಹುಕ್ಕೇರಿ ಮುಟ್ಟುವವರೆಗೆ ಬಸ್ಸಿನಲ್ಲಿ ಕುಳಿತು ನಾನು ಯೋಚಿಸಿದ್ದು ಒಂದೇ: ಇನ್ನೊಂದು ಹತ್ತು ನಿಮಿಷ ತಡೆದು ಹೇಳಿದ್ದರೆ ಆ ಮರಕ್ಕೇನು ಆಗುತ್ತಿತ್ತು?