ಮರಿಯ ಎಲುಬು, ಮಾಸ್ತರರ ಕಿಸೆ

ನನ್ನಂಥ ಕೋಳಿತತ್ತಿ ಮಾರುವವಳ ಹತ್ತಿರ ಊರು ತತ್ತಿ ಕೊಳ್ಳುತ್ತದೆ, ಮಾತು ಕೊಳ್ಳುವುದಿಲ್ಲ. ಹಾಗಾಗಿ ಮೂಡಲಗಿಯಲ್ಲಿ ನನಗೆ ಇಂಥ ಪ್ರಸಂಗಗಳು ಆಗುತ್ತಲೇ ಇದ್ದವು.

ಬೆಲ್ಲದ ಹಾಳೆ

ನಾನು ಓದು ಕಲಿತದ್ದು ಅಂಗಡಿಯವರು ಬೆಲ್ಲ ಕಟ್ಟಿಕೊಡುತ್ತಿದ್ದ ಹಾಳೆಗಳಿಂದ. ಒಮ್ಮೆ ಸಾಲಾಗಿ ಒಂದೇ ಪುಸ್ತಕದ ಹಾಳೆಗಳು ಬಂದವು. ತತ್ತಿಯೊಳಗೆ ಮರಿ ಬೆಳೆಯುವ ಚಿತ್ರ. ಮರಿಯ ಎಲುಬು ಮೊದಲು ಎಲುಬೇ ಅಲ್ಲ, ನಮ್ಮ ಕಿವಿಯಂತೆ ಬಾಗುವ ಮೆತ್ತನೆಯ ವಸ್ತು, ಆಮೇಲೆ ಗಟ್ಟಿಯಾಗುತ್ತದೆ ಎಂದು ಬರೆದಿತ್ತು. ಹೇಗೆ ಗಟ್ಟಿಯಾಗುತ್ತದೆ ಎನ್ನುವಲ್ಲಿಗೆ ಹಾಳೆ ಮುಗಿಯಿತು.

ಉಳಿದದ್ದು ಸಾಲೆಯ ಪುಸ್ತಕದ ಕಪಾಟಿನಲ್ಲಿರಬಹುದೆಂದು, ಓದಿದ್ದನ್ನು ಹೇಳಿ ಮಾಸ್ತರರನ್ನು ಕೇಳಿದೆ. ಅವರು ನಕ್ಕರು.

"ಮೊದಲ ಎಲುಬು, ಆಮ್ಯಾಲ ಮಾಂಸ. ಕಂಬಿಲ್ಲದ ಮನಿ ಯಾರರ ಕಟ್ಟತಾರೇನ?"

"ಮನಿ ನೀವು ಕಟ್ಟತೀರಿ. ಮರೀನ ಕಟ್ಟೂದು ಕೋಳಿರಿ."

ಪಂಥ ಬಿತ್ತು. ನನ್ನ ಮಾತು ಖರೆಯಾದರೆ ಕಪಾಟಿನ ಕೀಲಿ ನನಗೆ. ಸುಳ್ಳಾದರೆ ನಾನು ಸಾಲೆಯ ಕಟ್ಟೆ ಹತ್ತಬಾರದು. ಆ ಕಟ್ಟೆಯ ಮೇಲೆ ಕೂತು ಹುಡುಗರ ಪಾಠ ಕೇಳಿಯೇ ನಾನು ಒತ್ತಕ್ಷರ ಕಲಿತಿದ್ದೆ.

ಇಭೂತಿ

ಎರಡು ದಿನಕ್ಕೊಂದರಂತೆ ತತ್ತಿಗಳನ್ನು ಕೋಳಿಯ ಕಾವಿಗೆ ಇಟ್ಟು, ಯಾವುದು ಎಷ್ಟು ದಿನದ್ದೆಂದು ತಿಳಿಯಲು ಮೇಲೆ ಇದ್ದಿಲಿನಿಂದ ದಿನದ ಅಂಕಿ ಬರೆದೆ. ಬಾಜೂ ಮನೆಯ ಆಯಿ ಬಲು ನೇಮದಾಕೆ. ತತ್ತಿ ಎಂಬ ಶಬ್ದವನ್ನೂ ಆಡದೆ 'ಬಿಳೀವು' ಎನ್ನುವಳು. ನಾನು ಹುಕ್ಕೇರಿ ಸಂತೆಗೆ ಹೋದ ದಿನ ಆಕೆಗೆ ಕನಿಕರ ಉಕ್ಕಿತು. ಮರಳಿ ಬಂದು ನೋಡಿದರೆ ಒಂದು ಅಂಕಿಯೂ ಇಲ್ಲ. ಪ್ರತಿ ತತ್ತಿಗೂ ಮೂರು ಬೆರಳಿನ ಇಭೂತಿ.

"ಬಸಿರಿನ ಮ್ಯಾಲ ಕರೀ ಗೆರಿ ಎಳೀತಾರೇನ ತಂಗಿ? ಮುಟ್ಟಿಲ್ಲ ಮತ್ತ, ಕೈಗೆ ಅರಿವೀ ತುಂಡ ಸುತ್ತಗೊಂಡ ಹಚ್ಚೀನಿ."

ಹಿರಿಯದು ಕಿರಿಯದು ಎಂಬ ಭೇದವಿಲ್ಲದೆ ಎಲ್ಲವೂ ಒಂದೇ ಮಠದ ಶಿಷ್ಯರಾಗಿದ್ದವು.

ಕಿಸೆ

ತೀರ್ಪು ಹೇಳಲು ಘೋಡಗೇರಿಯಿಂದ ಮುರಿದ ಎಲುಬು ಕೂಡಿಸುವ ಅಜ್ಜ ಬಂದ. ಅಂಕಿ ಅಳಿದಿದ್ದರಿಂದ ನಾನು ತತ್ತಿಗಳನ್ನು ಬಾಗಿಲ ಸಂದಿನ ಬಿಸಿಲಿಗೆ ಹಿಡಿದು, ಒಳಗೆ ಅರ್ಧ ಮಾತ್ರ ಕಪ್ಪಾಗಿದ್ದ ಒಂದನ್ನು ಒಡೆದೆ. ಅಜ್ಜ ಕಣ್ಣು ಮುಚ್ಚಿ ಮರಿಯ ಕಾಲು ಬಾಗಿಸಿದ, ತನ್ನ ಕಿವಿಯನ್ನೂ ಬಾಗಿಸಿದ, ಎರಡೂ ಒಂದೇ ಎಂದ.

ಮಾಸ್ತರರು ಒಪ್ಪಲಿಲ್ಲ. ಅದು ರೋಗದ ತತ್ತಿ, ನಾಳೆ ತಾವು ಆರಿಸಿದ್ದನ್ನು ಒಡೆಯಬೇಕು ಎಂದರು. ತುಂಬ ಕಪ್ಪಗೆ ಕಂಡದ್ದನ್ನು ಆರಿಸಿ, ನಾನು ಬದಲಿಸಿಬಿಟ್ಟೇನೆಂದು ತಮ್ಮ ಉಣ್ಣೆಯ ಕೋಟಿನ ಒಳಕಿಸೆಯಲ್ಲಿ ಇಟ್ಟುಕೊಂಡು ಹೋದರು. ಅಷ್ಟು ಕಪ್ಪಗಿದ್ದರೆ ಮರಿ ಎಷ್ಟು ಬಲಿತಿರುತ್ತದೆಂದು ನನಗೆ ಗೊತ್ತಿತ್ತು. ಅವರು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಮಗ್ಗಿ ಹೇಳಿಸುವಾಗ ಕಿಸೆ ಚಿಂವ್ ಎಂದಿತಂತೆ. ಮಧ್ಯಾಹ್ನ ನಾನೂ ಅಜ್ಜನೂ ಹೋದಾಗ ಮಾಸ್ತರರು ಹಲಗೆಯ ಕಡೆ ನಡೆದರೆ ಮರಿಯೂ ಹಲಗೆಯ ಕಡೆ, ಬಾಗಿಲಿಗೆ ಬಂದರೆ ಅದೂ ಬಾಗಿಲಿಗೆ. ಸಾಲೆಯಲ್ಲಿ ಪಾಠ ನಿಂತೇಹೋಗಿತ್ತು.

"ಕಾಲು ಎಷ್ಟ ಗಟ್ಟಿ ಅದಾವ ನೋಡು," ಎಂದರು ಮಾಸ್ತರರು.

"ಗಟ್ಟಿ ಆದ ಮ್ಯಾಲೇ ಹೊರಗ ಬಂದೈತ್ರಿ," ಎಂದ ಅಜ್ಜ. "ಈಗ ನಿಮ್ಮನ್ನ ಅವ್ವ ಅಂತ ತಿಳಕೊಂಡೈತಿ."

ಮೊದಲು ಇದನ್ನು ಒಯ್ಯಿ ಎಂದರು ಮಾಸ್ತರರು. ಮೊದಲು ಕೀಲಿ ಎಂದೆ ನಾನು.

ಕಪಾಟಿನಲ್ಲಿ ಪುಸ್ತಕದ ಹಿಂದಿನ ಅರ್ಧ ಮಾತ್ರ ಇತ್ತು. ಮುಂದಿನರ್ಧ ಬೆಲ್ಲದಂಗಡಿಗೆ ಹೋದಾಗಲೂ ಕೀಲಿ ಮಾಸ್ತರರ ಕಿಸೆಯಲ್ಲೇ ಇತ್ತು. ಆ ವಾರವೇ ಗೋಕಾಕದಿಂದ ಸಾಲೆಗಳ ಇನ್‌ಸ್ಪೆಕ್ಟರರು ಕಪಾಟು ನೋಡಲು ಬರುವವರಿದ್ದರು. ಮಾಸ್ತರರು ಮೊದಲ ಸಲ ನನಗೆ ಗೌರವದ 'ರಿ' ಹಚ್ಚಿದರು.

"ಆ ಹಾಳಿ ಇನ್ನೂ ನಿಮ್ಮ ಹತ್ರ ಅದಾವೇನ್ರಿ?"

"ಅದಾವ್ರಿ. ಈ ಅರ್ಧ ತಗೊಂಡ ನಮ್ಮ ಮನಿ ಕಟ್ಟಿಗೆ ಬರ್ರಿ, ಓದಿ ಮುಗಿಸಿ ಕೂಡಿಸೂಣು. ಮರಿಗೂ ಅವ್ವನ್ನ ನೋಡಿಧಂಗ ಆಗತೈತಿ."