ನನ್ನ ದನಿ ಫೋನಿಗೆ ಹೋದದ್ದು

ಮೇಷ್ಟರ ಕೆಲಸಕ್ಕೆ ಬುದ್ಧಿ ಬೇಕು ಎಂದು ನಂಬಿರುವವರು ಒಂದನೇ ತರಗತಿಗೆ ಪಾಠ ಮಾಡಿದವರಲ್ಲ. ಅಲ್ಲಿಗೆ ಬೇಕಾದದ್ದು ಗಂಟಲು. ದೇವರು ನನಗೆ ಅದನ್ನು ಧಾರಾಳವಾಗಿಯೇ ಕೊಟ್ಟಿದ್ದ. ಹೊಸದುರ್ಗ ತಾಲ್ಲೂಕಿನ ನಮ್ಮ ಹಳ್ಳಿ ಶಾಲೆಯಲ್ಲಿ ನಾನು "ಕುಂತ್ಕಳ್ರೋ!" ಎಂದರೆ, ಹೊರಗೆ ಶ್ರೀರಾಂಪುರದ ಬಸ್ಸಿಗೆ ಕಾಯುತ್ತಿದ್ದವರೂ ಕುಳಿತುಬಿಡುತ್ತಾರೆಂದು ಹೆಡ್‌ಮಾಸ್ಟರು ನಗುತ್ತಿದ್ದರು. ಆ ಗಂಟಲಲ್ಲೇ ಗಂಟು ಬೆಳೆಯಿತು. ಚಿತ್ರದುರ್ಗದಲ್ಲಿ ಆಪರೇಷನ್ ಮಾಡಿದ ಡಾಕ್ಟರು, "ಜೀವಕ್ಕೇನೂ ತೊಂದರೆ ಇಲ್ಲಮ್ಮ. ದನಿ ಮಾತ್ರ ಇನ್ನು ಇಷ್ಟೇ" ಎಂದರು. ಇಷ್ಟೇ ಎಂದರೆ ಪಿಸುಮಾತು. ಗುಟ್ಟು ಹೇಳುವುದಕ್ಕೆ ಸಾಕು, ಮಗ್ಗಿ ಹೇಳಿಸುವುದಕ್ಕೆ ಸಾಲದು.

ರಜೆ ಮುಗಿಸಿ ಬಂದಾಗ, ಹೊಸದಾಗಿ ಸೇರಿದ್ದ ನಾಗರಾಜ ಮೇಷ್ಟ್ರು, "ಚಿಂತೆ ಬಿಡ್ರಿ ಮೇಡಂ, ಈಗ ಎಐ ಐತೆ" ಎಂದು ನನ್ನ ಫೋನಿಗೆ ಏನೋ ಹಾಕಿಕೊಟ್ಟರು. ನಾನು ಟೈಪ್ ಮಾಡಿದರೆ ಅದು ಪಾಠ ಹೇಳುತ್ತದೆ, ಮಕ್ಕಳು ಕೇಳಿದ್ದಕ್ಕೆ ಉತ್ತರವನ್ನೂ ಕೊಡುತ್ತದೆ. ಮೊದಲ ದಿನವೇ ಅದು "ಪ್ರಿಯ ವಿದ್ಯಾರ್ಥಿಗಳೇ, ದಯಮಾಡಿ ಆಸೀನರಾಗಿ" ಎಂದಿತು. ಪ್ರಿಯ ವಿದ್ಯಾರ್ಥಿಗಳು ಯಾರೆಂದು ಮಕ್ಕಳು ಹಿಂದೆ ತಿರುಗಿ ಹುಡುಕಿದರು. ಕುರಿ ಸಾಕುವವರ ಮನೆಯ ಕರಿಯಮ್ಮ ಫೋನಿನ ಹತ್ತಿರ ಬಾಯಿಟ್ಟು, "ನಮ್ ಮಿಸ್ಸಿನ ದನಿ ಯಾವಾಗ್ ಬರ್ತೈತೆ?" ಎಂದಳು. "ಕ್ಷಮಿಸಿ, ಆ ಮಾಹಿತಿ ನನ್ನ ಬಳಿ ಇಲ್ಲ" ಎಂದಿತು ಫೋನು. ಅವಳು ನನ್ನ ಕಡೆ ತಿರುಗಿ, "ಇದಕ್ಕೆ ಬೈಯಾಕೂ ಬರಲ್ಲ, ಮಿಸ್" ಎಂದಳು.

ಇದನ್ನು ಕೇಳಿ ನಾಗರಾಜ ಮೇಷ್ಟ್ರಿಗೆ ಉತ್ಸಾಹ ಬಂತು. ಹಿಂದೆ ನಾನು ಮಕ್ಕಳಿಗೆ ಪದ್ಯ ಹೇಳಿಕೊಡುತ್ತಿದ್ದ ವಿಡಿಯೊ ಒಂದಿತ್ತು. ಅದನ್ನು ಎಐಗೆ ಕೇಳಿಸಿ, ಫೋನು ನನ್ನ ದನಿಯಲ್ಲೇ ಮಾತನಾಡುವಂತೆ ಮಾಡಿಕೊಟ್ಟರು. ಶಾಲೆಗೆ ಒಯ್ಯುವ ಮೊದಲು ಮನೆಯಲ್ಲೇ ಪರೀಕ್ಷೆ ಮಾಡೋಣವೆಂದು, ಅಡುಗೆಮನೆಯಲ್ಲಿ ಕುಳಿತು, "ಏನ್ರಿ, ಊಟಕ್ಕೆ ಬರ್ರಿ" ಎಂದು ಟೈಪ್ ಮಾಡಿದೆ. ಫೋನು ಕೂಗಿತು. ನಾನೇ ಬೆಚ್ಚಿದೆ. ಅದು ನಾನೇ!

ಹಿತ್ತಲಲ್ಲಿ ಬಕೆಟ್ ಬಿದ್ದ ಸದ್ದಾಯಿತು. ನಮ್ಮ ಯಜಮಾನರು ಒದ್ದೆ ಕಾಲಲ್ಲೇ ಓಡಿ ಬಂದರು. ಮದುವೆಯಾದಾಗಿನಿಂದ ನಾನು ಕರೆದರೆ "ಬಂದೆ ತಡಿಯೆ" ಎಂದು ಅಲ್ಲೇ ಕೂತಿರುವ ಮನುಷ್ಯ.

"ಬಂತೇನೆ? ದನಿ ಬಂತೇನೆ?"

ಅವರ ಮುಖವನ್ನು ಹಾಗೆ ನೋಡಿ ಎಷ್ಟೋ ಕಾಲವಾಗಿತ್ತು. ನಾನು ಫೋನು ತೋರಿಸಿದೆ. ಅವರು ಅದನ್ನು ನೋಡಿ, ಟವೆಲಿನಿಂದ ಕಾಲು ಒರೆಸಿಕೊಳ್ಳುವ ನೆಪದಲ್ಲಿ ಬಗ್ಗಿದರು. ಬಹಳ ಹೊತ್ತು ಒರೆಸಿಕೊಂಡರು. ಆಮೇಲೆ, "ಅನ್ನ ಆರ್ತೈತೆ, ಬಡಿಸು" ಎಂದರು.

ಮರುದಿನ ಆ ದನಿಯನ್ನು ತೆಗೆದುಬಿಡಿ ಎಂದೆ. "ಯಾಕ್ರಿ ಮೇಡಂ, ಚೆನ್ನಾಗಿ ಬಂದಿಲ್ವಾ?" ಎಂದರು ನಾಗರಾಜ ಮೇಷ್ಟ್ರು.

"ತುಂಬಾ ಚೆನ್ನಾಗಿ ಬಂದಿದೆ" ಎಂದು ಪಿಸುಗುಟ್ಟಿದೆ.

ಈಗ ಫೋನು ನನ್ನ ಚೀಲದಲ್ಲೇ ಇರುತ್ತದೆ. ಮಕ್ಕಳು ಬೆಂಚು ಬಿಟ್ಟು ನನ್ನ ಸುತ್ತ ಒತ್ತಾಗಿ ಕೂರುತ್ತಾರೆ. ನಾನು ಪಿಸುಗುಟ್ಟಿದರೆ ಅವರೂ ಪಿಸುಗುಟ್ಟಿಯೇ ಮಗ್ಗಿ ಹೇಳುತ್ತಾರೆ. ಮೊನ್ನೆ ಹೆಡ್‌ಮಾಸ್ಟರು ಮಕ್ಕಳೆಲ್ಲ ಎಲ್ಲಿ ಹೋದರೆಂದು ಗಾಬರಿಯಾಗಿ ಇಣುಕಿ ನೋಡಿದರು. ಇಂಥ ಶಿಸ್ತಿಗಾಗಿ ಅರಚಿ ಅರಚಿ ಗಂಟಲು ಕಳೆದುಕೊಂಡವಳು ನಾನು. ಸಿಕ್ಕಿದೆಯಲ್ಲ, ಸಂತೋಷಪಡಬೇಕು. ಆದರೆ ಕಿಟಕಿಯ ಕಡೆ ಕೂತವನೊಬ್ಬ ಪಕ್ಕದವಳ ಜಡೆ ಎಳೆದರೆ ಸಾಕು, ಬೈಯಲೆಂದು ಎದೆ ತುಂಬ ಉಸಿರು ಎಳೆದುಕೊಂಡುಬಿಡುತ್ತೇನೆ. ಆ ಉಸಿರನ್ನು ಏನು ಮಾಡುವುದೋ ಇನ್ನೂ ಕಲಿತಿಲ್ಲ.